ಲಿನಕ್ಸ್ ಸರ್ವರ್‌ನಲ್ಲಿ ಇಲಾಸ್ಟಿಕ್‌ಸರ್ಚ್ ಮತ್ತು ಕಿಬಾನಾ: ಕನ್ನಡ ಪುಸ್ತಕಪಟ್ಟಿಯೊಂದಕ್ಕೆ ಹುಡುಕಾಟ ಕಟ್ಟಿದ ಕ್ರಮ

ನಮ್ಮ ಕಡೆಯ ಒಂದು ಸಣ್ಣ ಲೈಬ್ರರಿಯಲ್ಲಿ ಪುಸ್ತಕಗಳ ಪಟ್ಟಿ ಎಕ್ಸೆಲ್ ಫೈಲಿನಲ್ಲಿತ್ತು. 11,000 ಚಿಲ್ಲರೆ ಸಾಲು. ಅಲ್ಲಿನ ಮೇಡಂ ಒಂದು ದಿನ ನನ್ನನ್ನು ಕರೆದು, "ಸರ್, ಪುಸ್ತಕ ಕಪಾಟಿನಲ್ಲಿ ಕಣ್ಣೆದುರೇ ಇದೆ. ಕಂಪ್ಯೂಟರ್‌ನಲ್ಲಿ ಹುಡುಕಿದ್ರೆ ಮಾತ್ರ ಇಲ್ಲ ಅನ್ನುತ್ತೆ" ಅಂದರು. ಜೊತೆಗೆ ಇನ್ನೊಂದು ಬೇಡಿಕೆ: ಯಾವ ವಿಷಯದ ಪುಸ್ತಕ ಎಷ್ಟಿದೆ, ಯಾವ ದಶಕದ್ದು ಜಾಸ್ತಿ ಅಂತ ಒಂದು ಪರದೆಯಲ್ಲಿ ಕಾಣಬೇಕು, ಸಮಿತಿಯವರಿಗೆ ತೋರಿಸಬೇಕು.

ಹುಡುಕುವುದಕ್ಕೆ ಇಲಾಸ್ಟಿಕ್‌ಸರ್ಚ್, ಪರದೆಗೆ ಕಿಬಾನಾ ಅಂತ ತೀರ್ಮಾನಿಸಿದೆ. ಬರೀ 11 ಸಾವಿರ ಸಾಲಿಗೆ ಇದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆಯೇ, ಒಪ್ಪುತ್ತೇನೆ. ಅಷ್ಟಕ್ಕೆ ಸಣ್ಣ ಡೇಟಾಬೇಸ್ ಸಾಕು. ಆದರೆ ಮುಂದೆ ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆಗಳ ಪಠ್ಯವೂ ಸೇರುವುದಿತ್ತು. ಡ್ಯಾಶ್‌ಬೋರ್ಡನ್ನು ಕೈಯಾರೆ ಬರೆಯುವ ಮನಸ್ಸೂ ನನಗಿರಲಿಲ್ಲ.

ಇನ್‌ಸ್ಟಾಲ್ ಮಾಡುವುದು ಹದಿನೈದು ನಿಮಿಷದ ಕೆಲಸ. ನನ್ನ ಎರಡು ವಾರಾಂತ್ಯ ತಿಂದದ್ದು ಬೇರೆಯೇ ವಿಷಯಗಳು: ಮೆಮೊರಿ, ತೆರೆದ ಪೋರ್ಟ್, ಮತ್ತು ಕನ್ನಡ ಅಕ್ಷರಗಳ ನಡುವೆ ಕೂತ ಕಣ್ಣಿಗೆ ಕಾಣದ ಒಂದು ಚಿಹ್ನೆ. ಹಾಗಾಗಿ ಸುಲಭದ ಹೆಜ್ಜೆಗಳನ್ನು ಬೇಗ ದಾಟುತ್ತೇನೆ, ಇವುಗಳ ಹತ್ತಿರ ನಿಲ್ಲುತ್ತೇನೆ.

ಒಂದು ಮಾತು. ಆಜ್ಞೆಗಳನ್ನು ಫೋನಿನಲ್ಲಿ ಗೆಳೆಯನಿಗೆ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಉದ್ದುದ್ದ ಸಾಲುಗಳನ್ನು ಮಾತ್ರ ಇಲಾಸ್ಟಿಕ್‌ನ ಅಧಿಕೃತ ಕೈಪಿಡಿಯಿಂದ ಕಾಪಿ ಮಾಡಿ. ಅಲ್ಲಿ ಒಂದು ಅಕ್ಷರ ತಪ್ಪಿದರೂ ಕೆಲಸ ನಿಲ್ಲುತ್ತದೆ.

ಏನಿದು, ಯಾವುದು ಬೇಕು

ಇಲಾಸ್ಟಿಕ್‌ಸರ್ಚ್‌ನ ಒಳಗೆ ಕೂತಿರುವುದು ಅಪಾಚೆ ಲೂಸೀನ್ ಎಂಬ ಹುಡುಕು ಲೈಬ್ರರಿ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿ ಅಂತ, ಅದೇ ಕೆಲಸವನ್ನು ಲೂಸೀನ್ ಮಾಡುತ್ತದೆ. ಅದರ ಮೇಲೆ ಶೇ ಬ್ಯಾನನ್ ಎಂಬ ಪ್ರೋಗ್ರಾಮರ್ 2010ರಲ್ಲಿ ಇಲಾಸ್ಟಿಕ್‌ಸರ್ಚ್ ಕಟ್ಟಿದರು. ಕಿಬಾನಾ ಅದರ ಮುಖ: ಬ್ರೌಸರ್‌ನಲ್ಲಿ ತೆರೆದು ಹುಡುಕಬಹುದು, ಚಾರ್ಟ್ ಬಿಡಿಸಬಹುದು.

2021ರಲ್ಲಿ ಪರವಾನಗಿ ವಿಷಯಕ್ಕೆ ಜಗಳವಾಗಿ ಅಮೆಜಾನ್ ಇದನ್ನೇ ಕವಲೊಡೆಸಿ ಓಪನ್‌ಸರ್ಚ್ ಮಾಡಿತು. 2024ರಲ್ಲಿ ಇಲಾಸ್ಟಿಕ್ ಮತ್ತೆ ಮುಕ್ತ ಪರವಾನಗಿಯೊಂದನ್ನು ಸೇರಿಸಿತು. ಸಣ್ಣ ಕೆಲಸಕ್ಕೆ ಎರಡೂ ಒಂದೇ. ನನಗೆ ಕಿಬಾನಾ ಕೈಗೆ ಒಗ್ಗಿದೆ, ಅದಕ್ಕೇ ಇದು.

ಸರ್ವರ್ ಎಷ್ಟು ದೊಡ್ಡದಿರಬೇಕು

4 ಜಿಬಿ ರ‍್ಯಾಮ್, 2 ಸಿಪಿಯು, 40 ಜಿಬಿ ಡಿಸ್ಕ್. ಇದಕ್ಕಿಂತ ಕಡಿಮೆಗೆ ಕೈ ಹಾಕಬೇಡಿ.

ನಾನು ದುಡ್ಡು ಉಳಿಸಲು ಹೋಗಿ 2 ಜಿಬಿ ಸರ್ವರ್ ಬಾಡಿಗೆಗೆ ತೆಗೆದುಕೊಂಡಿದ್ದೆ. ಇಲಾಸ್ಟಿಕ್‌ಸರ್ಚ್ ಎದ್ದಿತು. ಕಿಬಾನಾ ಎಬ್ಬಿಸಿದೆ, ಇಲಾಸ್ಟಿಕ್‌ಸರ್ಚ್ ಬಿದ್ದಿತು. ಅದನ್ನು ಎಬ್ಬಿಸಿದರೆ ಇದು ಬಿತ್ತು. ಇಬ್ಬರಿಗೂ ಒಂದೇ ಮಂಚ, ಒಬ್ಬರು ಮಲಗಿದರೆ ಇನ್ನೊಬ್ಬರು ಕೆಳಗೆ. ಇಲಾಸ್ಟಿಕ್‌ಸರ್ಚ್‌ನ ಲಾಗ್‌ನಲ್ಲಿ ತಪ್ಪೇನೂ ಕಾಣಲಿಲ್ಲ. ಕೊನೆಗೆ ಕರ್ನಲ್ ಸಂದೇಶಗಳಲ್ಲಿ 'ಔಟ್ ಆಫ್ ಮೆಮೊರಿ' ಅಂತ ಸಿಕ್ಕಿತು. ಮೆಮೊರಿ ಸಾಲದಾದಾಗ ಲಿನಕ್ಸ್ ಜಾಸ್ತಿ ತಿನ್ನುತ್ತಿರುವ ಪ್ರೋಗ್ರಾಮನ್ನು ತಾನೇ ಕೊಂದುಬಿಡುತ್ತದೆ. ಕೊಲ್ಲಿಸಿಕೊಂಡವನಿಗೆ ಲಾಗ್ ಬರೆಯುವಷ್ಟೂ ಸಮಯ ಸಿಗುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ ಉಬುಂಟು 24.04 ಅಂತ ಇಟ್ಟುಕೊಂಡಿದ್ದೇನೆ. ಡೆಬಿಯನ್ ಆದರೂ ಇದೇ ಹೆಜ್ಜೆಗಳು. ಜಾವಾ ಬೇರೆ ಹಾಕುವುದು ಬೇಡ. ಇಲಾಸ್ಟಿಕ್‌ಸರ್ಚ್ ತನಗೆ ಬೇಕಾದ ಜಾವಾವನ್ನು ಜೊತೆಗೇ ಹೊತ್ತು ತರುತ್ತದೆ. 'ಮೊದಲು ಜಾವಾ ಹಾಕಿ' ಅಂತ ಶುರುವಾಗುವ ಟಿಪ್ಪಣಿ ಕಂಡರೆ ಅದು ಹಳೆಯದು ಅಂತ ತಿಳಿಯಿರಿ.

ಹೆಜ್ಜೆ 1: ಬಾಗಿಲು ಮೊದಲು, ಮನೆ ಆಮೇಲೆ

ಏನನ್ನೂ ಹಾಕುವ ಮುಂಚೆ ಫೈರ್‌ವಾಲ್. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಈ ಎರಡು ಸಾಲು, ಇದೇ ಕ್ರಮದಲ್ಲಿ. ಮೊದಲನೆಯದು ನಾವು ದೂರದಿಂದ ಒಳಗೆ ಬರುವ ಎಸ್‌ಎಸ್‌ಎಚ್ ದಾರಿಯನ್ನು ತೆರೆದಿಡುತ್ತದೆ, ಎರಡನೆಯದು ಫೈರ್‌ವಾಲನ್ನು ಚಾಲೂ ಮಾಡುತ್ತದೆ:

ಸುಡೋ ಯುಎಫ್‌ಡಬ್ಲ್ಯೂ ಅಲೋ ಓಪನ್‌ಎಸ್‌ಎಸ್‌ಎಚ್

ಸುಡೋ ಯುಎಫ್‌ಡಬ್ಲ್ಯೂ ಎನೇಬಲ್

ಕ್ರಮ ಅಂತ ಒತ್ತಿ ಹೇಳಲು ಕಾರಣವಿದೆ. ಹಿಂದೊಮ್ಮೆ ಎರಡನೆಯದನ್ನು ಮೊದಲು ಕೊಟ್ಟು, ಹೊರಗಿನಿಂದ ಬರುವ ದಾರಿಯನ್ನೆಲ್ಲ ಮುಚ್ಚಿ, ಟರ್ಮಿನಲ್ ಕಿಟಕಿಯನ್ನೂ ಮುಚ್ಚಿದ್ದೆ. ಕೀಲಿ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಸರ್ವರ್ ಬಾಡಿಗೆಗೆ ಕೊಟ್ಟವರ ವೆಬ್ ಕನ್ಸೋಲ್‌ನಿಂದ ಒಳಗೆ ಹೋಗಿ ಸರಿಮಾಡಬೇಕಾಯಿತು.

ಇಲಾಸ್ಟಿಕ್‌ಸರ್ಚ್‌ನ ಪೋರ್ಟ್ 9200, ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದಾಗ ತಮ್ಮತಮ್ಮಲ್ಲಿ ಮಾತಾಡಲು 9300, ಕಿಬಾನಾದ್ದು 5601. ಈ ಮೂರನ್ನೂ ಇಂಟರ್ನೆಟ್ಟಿಗೆ ತೆರೆಯಬೇಡಿ. 2020ರ ಜುಲೈಯಲ್ಲಿ 'ಮಿಯಾಂವ್' ಎಂಬ ದಾಳಿ ನಡೆಯಿತು. ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಇಲಾಸ್ಟಿಕ್‌ಸರ್ಚ್ ಮತ್ತು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಒಂದು ಸ್ವಯಂಚಾಲಿತ ಪ್ರೋಗ್ರಾಮ್ ಹುಡುಕಿ ಹುಡುಕಿ ಅಳಿಸಿತು. ದುಡ್ಡೂ ಕೇಳಲಿಲ್ಲ. ಬೆಕ್ಕಿನ ಕೂಗಿನ ಆ ಒಂದು ಪದ ಬಿಟ್ಟು ಹೋಯಿತು, ಅಷ್ಟೇ. 2022ರಲ್ಲಿ ಬಂದ 8ನೇ ಆವೃತ್ತಿಯಿಂದ ಪಾಸ್‌ವರ್ಡ್ ಮತ್ತು ಗೂಢಲಿಪಿ ತಾವಾಗಿಯೇ ಚಾಲೂ ಇರುತ್ತವೆ. ಹಾಗಂತ ಬಾಗಿಲು ತೆರೆದಿಡಬೇಕಿಲ್ಲ ಅಲ್ವಾ?

ಹೆಜ್ಜೆ 2: ಇಲಾಸ್ಟಿಕ್‌ಸರ್ಚ್

ಉಬುಂಟುವಿನ ಸ್ವಂತ ಭಂಡಾರದಲ್ಲಿ ಇದು ಸಿಗುವುದಿಲ್ಲ. ಇಲಾಸ್ಟಿಕ್‌ನ ಭಂಡಾರವನ್ನು ಸೇರಿಸಬೇಕು. ಅದಕ್ಕೆ ಎರಡು ಉದ್ದ ಸಾಲುಗಳಿವೆ, ಕೈಪಿಡಿಯ 'ಡೆಬಿಯನ್ ಪ್ಯಾಕೇಜ್' ಪುಟದಿಂದ ಎತ್ತಿಕೊಳ್ಳಿ. ಮೊದಲನೆಯದು ಅವರ ಸಹಿಯ ಕೀಲಿಯನ್ನು ತಂದು /ಯುಎಸ್‌ಆರ್/ಶೇರ್/ಕೀರಿಂಗ್ಸ್ ಒಳಗೆ ಇಡುತ್ತದೆ. ಎರಡನೆಯದು ಭಂಡಾರದ ವಿಳಾಸವನ್ನು /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗೆ ಬರೆಯುತ್ತದೆ. ನಾನು ಹಾಕಿದ್ದು 9ರ ಸರಣಿ. 8ರಲ್ಲೂ ಮುಂದಿನ ಹೆಜ್ಜೆಗಳು ಹೀಗೇ. ಆಮೇಲೆ:

ಸುಡೋ ಆಪ್ಟ್ ಅಪ್‌ಡೇಟ್

ಸುಡೋ ಆಪ್ಟ್ ಇನ್‌ಸ್ಟಾಲ್ ಇಲಾಸ್ಟಿಕ್‌ಸರ್ಚ್

ಎರಡನೆಯದು ಮುಗಿಯುವಾಗ ಪರದೆಯ ಮೇಲೆ ಬಹಳಷ್ಟು ಸಾಲು ಉರುಳುತ್ತವೆ. ಅದರ ನಡುವೆ 'ಇಲಾಸ್ಟಿಕ್' ಎಂಬ ಮುಖ್ಯ ಬಳಕೆದಾರನ ಪಾಸ್‌ವರ್ಡ್ ಒಂದೇ ಒಂದು ಸಲ ಕಾಣುತ್ತದೆ. ಪರದೆ ಒರೆಸುವ ಮುಂಚೆ ಅದನ್ನು ಎತ್ತಿಟ್ಟುಕೊಳ್ಳಿ. ತಪ್ಪಿ ಹೋದರೆ ಗಾಬರಿ ಬೇಡ. ಸರ್ವರ್ ಎದ್ದ ಮೇಲೆ /ಯುಎಸ್‌ಆರ್/ಶೇರ್/ಇಲಾಸ್ಟಿಕ್‌ಸರ್ಚ್/ಬಿನ್ ಒಳಗಿನ 'ಇಲಾಸ್ಟಿಕ್‌ಸರ್ಚ್-ರೀಸೆಟ್-ಪಾಸ್‌ವರ್ಡ್' ಎಂಬ ಉಪಕರಣ '-ಯು ಇಲಾಸ್ಟಿಕ್' ಅಂತ ಕೊಟ್ಟರೆ ಹೊಸದು ಮಾಡಿಕೊಡುತ್ತದೆ.

ಇನ್ನೂ ಎಬ್ಬಿಸಬೇಡಿ. ಎರಡು ಫೈಲು ನೋಡುವುದಿದೆ.

ಮೊದಲು ಮೆಮೊರಿ. ಇಲಾಸ್ಟಿಕ್‌ಸರ್ಚ್ ತಾನಾಗಿ ಇದ್ದ ರ‍್ಯಾಮ್‌ನಲ್ಲಿ ಸುಮಾರು ಅರ್ಧವನ್ನು ತನ್ನ ಹೀಪ್‌ಗೆ, ಅಂದರೆ ಜಾವಾ ತನ್ನ ಕೆಲಸಕ್ಕೆ ಮೀಸಲಿಡುವ ಮೆಮೊರಿಗೆ, ತೆಗೆದುಕೊಳ್ಳುತ್ತದೆ. ಅದೊಂದೇ ಇರುವ ಸರ್ವರ್‌ನಲ್ಲಿ ಇದು ಸರಿ. ಕಿಬಾನಾವೂ ಅದೇ 4 ಜಿಬಿಯಲ್ಲಿ ಬದುಕಬೇಕಾದಾಗ ಜಾಸ್ತಿಯಾಯಿತು. /ಇಟಿಸಿ/ಇಲಾಸ್ಟಿಕ್‌ಸರ್ಚ್/ಜೆವಿಎಂ.ಆಪ್ಷನ್ಸ್.ಡಿ ಎಂಬ ಫೋಲ್ಡರ್ ಒಳಗೆ 'ಹೀಪ್.ಆಪ್ಷನ್ಸ್' ಅಂತ ಹೊಸ ಫೈಲ್ ಮಾಡಿ ಎರಡು ಸಾಲು ಬರೆಯಿರಿ:

-ಎಕ್ಸ್‌ಎಂಎಸ್1ಜಿ

-ಎಕ್ಸ್‌ಎಂಎಕ್ಸ್1ಜಿ

ಇಲ್ಲಿ ಸಾಲಿನ ಮೊದಲ ಎಕ್ಸ್ ಮಾತ್ರ ದೊಡ್ಡಕ್ಷರ, ಉಳಿದವು ಚಿಕ್ಕವು. ಎರಡೂ ಸಂಖ್ಯೆ ಒಂದೇ ಇರಲಿ. ಫೈಲಿನ ಹೆಸರು '.ಆಪ್ಷನ್ಸ್' ಅಂತ ಮುಗಿಯದಿದ್ದರೆ ಅದನ್ನು ಯಾರೂ ಓದುವುದಿಲ್ಲ, ಯಾರೂ ದೂರುವುದೂ ಇಲ್ಲ. ಹೀಪ್ ಕಡಿಮೆ ಮಾಡಿದ್ದರಿಂದ ಉಳಿದ ರ‍್ಯಾಮ್ ವ್ಯರ್ಥವಾಗುವುದಿಲ್ಲ. ಲೂಸೀನ್‌ನ ಫೈಲುಗಳನ್ನು ಲಿನಕ್ಸ್ ಅಲ್ಲೇ ಇಟ್ಟುಕೊಂಡು ಹುಡುಕಾಟವನ್ನು ಚುರುಕು ಮಾಡುತ್ತದೆ.

ಎರಡನೆಯದು /ಇಟಿಸಿ/ಇಲಾಸ್ಟಿಕ್‌ಸರ್ಚ್/ಇಲಾಸ್ಟಿಕ್‌ಸರ್ಚ್.ವೈಎಂಎಲ್. ಕೊನೆಗೆ ಇಳಿದು ನೋಡಿ. ಇನ್‌ಸ್ಟಾಲ್ ಆಗುವಾಗಲೇ ಭದ್ರತೆಯ ಸಾಲುಗಳನ್ನು ಬರೆದಿರುತ್ತದೆ. ಅಲ್ಲಿ 'ಎಚ್‌ಟಿಟಿಪಿ.ಹೋಸ್ಟ್: 0.0.0.0' ಅಂತ ಇರುತ್ತದೆ. ಅಂದರೆ ಎಲ್ಲ ದಿಕ್ಕಿನಿಂದ ಬಂದವರಿಗೂ ಕಿವಿ ಕೊಡು ಅಂತ. ನಮ್ಮ ಕಿಬಾನಾ ಅದೇ ಯಂತ್ರದಲ್ಲಿರುವುದರಿಂದ ಅದನ್ನು 127.0.0.1 ಮಾಡಿ. ಫೈರ್‌ವಾಲ್ ಇದ್ದರೂ ಇದಿರಲಿ.

ಇದೇ ಫೈಲಿನಲ್ಲಿ ನನಗೊಂದು ಗಂಟೆ ಹೋಯಿತು. ಎಲ್ಲೋ ಓದಿದ ನೆನಪಿನಲ್ಲಿ 'ಡಿಸ್ಕವರಿ.ಟೈಪ್: ಸಿಂಗಲ್-ನೋಡ್' ಅಂತ ಸೇರಿಸಿದೆ. ಒಂದೇ ಸರ್ವರ್ ತಾನೇ, ತಪ್ಪೇನು ಅಂತ. ಎದ್ದೇಳಲಿಲ್ಲ. ಕೆಳಗೆ 'ಕ್ಲಸ್ಟರ್.ಇನಿಷಿಯಲ್_ಮಾಸ್ಟರ್_ನೋಡ್ಸ್' ಎಂಬ ಸಾಲನ್ನು ಇನ್‌ಸ್ಟಾಲರ್ ಮೊದಲೇ ಬರೆದಿತ್ತು, ಈ ಎರಡು ಜೊತೆಗಿರಲು ಒಲ್ಲವು. ಒಂದು ಇಟ್ಟು ಇನ್ನೊಂದು ಸಾಲಿನ ಶುರುವಿನಲ್ಲಿ ಹ್ಯಾಶ್ (#) ಹಾಕಿದರೆ ಆಯಿತು. ಸುಮ್ನೆ ಇದ್ದಿದ್ದರೆ ಅದೂ ಬೇಕಿರಲಿಲ್ಲ. ಇನ್ನೊಂದು: ವೈಎಂಎಲ್‌ನಲ್ಲಿ ಕೋಲನ್ ಆದ ಮೇಲೆ ಒಂದು ಸ್ಪೇಸ್ ಬಿಡಲೇಬೇಕು, ಟ್ಯಾಬ್ ಹೊಡೆಯಬಾರದು.

ಈಗ ಎಬ್ಬಿಸಿ:

ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್

ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಇಲಾಸ್ಟಿಕ್‌ಸರ್ಚ್

ಸಣ್ಣ ಸರ್ವರ್‌ನಲ್ಲಿ ಒಂದು ನಿಮಿಷದ ತನಕ ಕರ್ಸರ್ ಹಾಗೇ ನಿಂತಿರುತ್ತದೆ. ಕಂಟ್ರೋಲ್-ಸಿ ಒತ್ತಬೇಡಿ, ಕಾಯಿರಿ. ಎದ್ದಿದೆಯೇ ಅಂತ ನೋಡಲು ಕರ್ಲ್ ಎಂಬ ಆಜ್ಞೆಯಿಂದ ಲೋಕಲ್‌ಹೋಸ್ಟ್‌ನ 9200ಕ್ಕೆ ಕೇಳಬೇಕು:

ಸುಡೋ ಕರ್ಲ್ --ಸಿಎಸರ್ಟ್ /ಇಟಿಸಿ/ಇಲಾಸ್ಟಿಕ್‌ಸರ್ಚ್/ಸರ್ಟ್ಸ್/ಎಚ್‌ಟಿಟಿಪಿ_ಸಿಎ.ಸಿಆರ್‌ಟಿ -ಯು ಇಲಾಸ್ಟಿಕ್ ಎಚ್‌ಟಿಟಿಪಿಎಸ್://ಲೋಕಲ್‌ಹೋಸ್ಟ್:9200

'ಸಿಎಸರ್ಟ್' ಒಂದೇ ಪದ. ಸುಡೋ ಯಾಕೆಂದರೆ ಆ ಪ್ರಮಾಣಪತ್ರದ ಫೋಲ್ಡರನ್ನು ಸಾಮಾನ್ಯ ಬಳಕೆದಾರ ಓದಲಾರ. ಪಾಸ್‌ವರ್ಡ್ ಕೊಟ್ಟರೆ ಆವೃತ್ತಿಯ ವಿವರ ಬಂದು ಕೊನೆಯಲ್ಲಿ 'ಯೂ ನೋ, ಫಾರ್ ಸರ್ಚ್' ಅಂತ ಇರುತ್ತದೆ. ಅದು ಕಂಡರೆ ಗೆದ್ದಿರಿ. 'ಎಂಪ್ಟಿ ರಿಪ್ಲೈ' ಅಂತ ಬಂದರೆ ವಿಳಾಸದಲ್ಲಿ ಕೊನೆಯ ಎಸ್ ಬಿಟ್ಟಿದ್ದೀರಿ. ಎದ್ದೇ ಇಲ್ಲದಿದ್ದರೆ /ವಾರ್/ಲಾಗ್/ಇಲಾಸ್ಟಿಕ್‌ಸರ್ಚ್ ಒಳಗೆ ಕ್ಲಸ್ಟರ್ (ಜೊತೆಗೆ ಓಡುವ ಸರ್ವರ್‌ಗಳ ಗುಂಪು, ನಮ್ಮಲ್ಲಿ ಒಂದೇ) ಹೆಸರಿನ ಫೈಲ್ ತೆರೆಯಿರಿ. ಜಾವಾದ ತಪ್ಪುಗಳು ಐವತ್ತು ಸಾಲು ಉದ್ದ ಇರುತ್ತವೆ, ಓದಿ ಸುಸ್ತಾಗಬೇಡಿ. 'ಕಾಸ್ಡ್ ಬೈ' ಅಂತ ಶುರುವಾಗುವ ಸಾಲಿನಲ್ಲೇ ವಿಷಯ ಇರುತ್ತದೆ.

ಹೆಜ್ಜೆ 3: ಕಿಬಾನಾ

ಸುಡೋ ಆಪ್ಟ್ ಇನ್‌ಸ್ಟಾಲ್ ಕಿಬಾನಾ

ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಕಿಬಾನಾ

ಕಿಬಾನಾ ತಾನಾಗಿ ಲೋಕಲ್‌ಹೋಸ್ಟ್‌ಗೆ ಮಾತ್ರ ಕಿವಿ ಕೊಡುತ್ತದೆ. ಹಾಗೇ ಬಿಡಿ. ನಿಮ್ಮ ಲ್ಯಾಪ್‌ಟಾಪ್‌ನಿಂದ ಅದನ್ನು ನೋಡಲು ಎಸ್‌ಎಸ್‌ಎಚ್ ಸುರಂಗ ಸಾಕು. ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ:

ಎಸ್‌ಎಸ್‌ಎಚ್ -ಎಲ್ 5601:ಲೋಕಲ್‌ಹೋಸ್ಟ್:5601 ನಿಮ್ಮ-ಹೆಸರು@ಸರ್ವರ್-ವಿಳಾಸ

ಎಲ್ ದೊಡ್ಡಕ್ಷರ. ಆ ಕಿಟಕಿ ತೆರೆದಿರುವ ತನಕ ನಿಮ್ಮ ಬ್ರೌಸರ್‌ನ ಲೋಕಲ್‌ಹೋಸ್ಟ್ 5601 ಅಂದರೆ ಸರ್ವರ್‌ನ 5601.

ಪುಟ ತೆರೆದರೆ ಎನ್‌ರೋಲ್‌ಮೆಂಟ್ ಟೋಕನ್ ಕೇಳುತ್ತದೆ. ಸರ್ವರ್‌ನಲ್ಲಿ, ಪಾಸ್‌ವರ್ಡ್ ಉಪಕರಣ ಇದ್ದ ಅದೇ ಬಿನ್ ಫೋಲ್ಡರ್‌ನಿಂದ 'ಇಲಾಸ್ಟಿಕ್‌ಸರ್ಚ್-ಕ್ರಿಯೇಟ್-ಎನ್‌ರೋಲ್‌ಮೆಂಟ್-ಟೋಕನ್ -ಎಸ್ ಕಿಬಾನಾ' ಓಡಿಸಿ. ಬಂದ ಉದ್ದ ಸಾಲನ್ನು ಅಂಟಿಸಿ. ಇದಕ್ಕೆ ಆಯಸ್ಸು 30 ನಿಮಿಷ. ಟೀ ಕುಡಿದು ಬಂದು ಅಂಟಿಸಿದರೆ ಒಪ್ಪದಿರಬಹುದು, ಹೊಸದು ಮಾಡಿಕೊಳ್ಳಿ. ಆಮೇಲೆ ಆರಂಕಿಯ ಪರಿಶೀಲನೆ ಸಂಖ್ಯೆ ಕೇಳುತ್ತದೆ. ಅದನ್ನು ಕೊಡುವುದು ಕಿಬಾನಾದ ಬಿನ್ ಫೋಲ್ಡರ್‌ನ 'ಕಿಬಾನಾ-ವೆರಿಫಿಕೇಶನ್-ಕೋಡ್'. ಕೊನೆಗೆ 'ಇಲಾಸ್ಟಿಕ್' ಹೆಸರು, ಎತ್ತಿಟ್ಟ ಪಾಸ್‌ವರ್ಡ್.

ಅದೇ ಬಿನ್‌ನಲ್ಲಿ 'ಕಿಬಾನಾ-ಎನ್‌ಕ್ರಿಪ್ಷನ್-ಕೀಸ್ ಜನರೇಟ್' ಅಂತ ಒಂದಿದೆ. ಅದು ಮೂರು ಸಾಲು ಕೊಡುತ್ತದೆ. /ಇಟಿಸಿ/ಕಿಬಾನಾ/ಕಿಬಾನಾ.ವೈಎಂಎಲ್‌ನ ಕೊನೆಯಲ್ಲಿ ಅಂಟಿಸಿ ಕಿಬಾನಾ ರೀಸ್ಟಾರ್ಟ್ ಮಾಡಿ. ಇಲ್ಲದಿದ್ದರೂ ಇವತ್ತು ನಡೆಯುತ್ತದೆ, ಮುಂದೆ ಅಲರ್ಟ್ ಇಡಲು ಹೋದಾಗ ತಕರಾರು ತೆಗೆಯುತ್ತದೆ.

ಹೆಜ್ಜೆ 4: ಕನ್ನಡಕ್ಕೆ ಹದ ಮಾಡುವುದು

ಡೇಟಾ ಸುರಿಯುವ ಮುಂಚೆ ಇದನ್ನು ಮಾಡಬೇಕು. ಆಮೇಲೆ ಮಾಡಿದರೆ ಎಲ್ಲವನ್ನೂ ಮತ್ತೆ ಸುರಿಯಬೇಕು.

ಮೇಡಂ ಹೇಳಿದ ತೊಂದರೆಗೆ ಬರೋಣ. ಅವರು 'ಸಾಫ್ಟ್‌ವೇರ್' ಅಂತ ಹುಡುಕಿದ್ದರು. ಪಟ್ಟಿಯಲ್ಲೂ ಅದೇ ಪದ ಇತ್ತು. ಆದರೆ ಟ್ ಮತ್ತು ವೇ ಒಂದರ ಕೆಳಗೊಂದು ಒತ್ತಾಗಿ ಹೋಗಬಾರದು ಅಂತ ನಡುವೆ ಒಂದು ಕಾಣದ ಚಿಹ್ನೆ ಹಾಕುತ್ತೇವೆ. ಅದಕ್ಕೆ ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಹೆಸರು. ಪಟ್ಟಿ ಟೈಪ್ ಮಾಡಿದವರು ಕೆಲವು ಕಡೆ ಅದನ್ನು ಹಾಕಿದ್ದರು, ಕೆಲವು ಕಡೆ ಇಲ್ಲ. ಮೇಡಂ ಫೋನಿನ ಕೀಬೋರ್ಡ್ ಇನ್ನೊಂದು ರೀತಿ. ನಮ್ಮ ಕಣ್ಣಿಗೆ ಎರಡೂ ಒಂದೇ ಪದ, ಯಂತ್ರಕ್ಕೆ ಬೇರೆಬೇರೆ. ರ‍್ಯಾಂಕ್, ರ‍್ಯಾಲಿ ಬರೆಯುವಾಗ ಬರುವ ಝೀರೋ ವಿಡ್ತ್ ಜಾಯ್ನರ್ ಎಂಬ ಇನ್ನೊಂದು ಕಾಣದ ಚಿಹ್ನೆಯದ್ದೂ ಇದೇ ಕಥೆ. ಇನ್ನು 'ಕೊ' ಎಂಬುದನ್ನು ಯುನಿಕೋಡ್‌ನಲ್ಲಿ ಎರಡು ತರ ಬರೆಯಬಹುದು: ಕ ಮೇಲೆ ಒಂದೇ ಒಕಾರದ ಚಿಹ್ನೆ, ಇಲ್ಲವೇ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎರಡು ಸೇರಿಸಿ.

ಇಲಾಸ್ಟಿಕ್‌ಸರ್ಚ್‌ನಲ್ಲಿ ಹಿಂದಿ, ಬಂಗಾಳಿಗೆ ತಯಾರಾದ ಅನಾಲೈಸರ್‌ಗಳಿವೆ, ಅಂದರೆ ಪಠ್ಯವನ್ನು ಪದಗಳಾಗಿ ಒಡೆದು ಹದ ಮಾಡುವ ಜರಡಿಗಳು. ಕನ್ನಡಕ್ಕೆ ಇಲ್ಲ. ನಾವೇ ಕಟ್ಟಿಕೊಳ್ಳಬೇಕು, ಕಷ್ಟವೇನಿಲ್ಲ. ಮೊದಲು ಯುನಿಕೋಡ್ ಪ್ಲಗಿನ್:

ಸುಡೋ /ಯುಎಸ್‌ಆರ್/ಶೇರ್/ಇಲಾಸ್ಟಿಕ್‌ಸರ್ಚ್/ಬಿನ್/ಇಲಾಸ್ಟಿಕ್‌ಸರ್ಚ್-ಪ್ಲಗಿನ್ ಇನ್‌ಸ್ಟಾಲ್ ಅನಾಲಿಸಿಸ್-ಐಸಿಯು

ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಇಲಾಸ್ಟಿಕ್‌ಸರ್ಚ್

ನಮ್ಮ ಅನಾಲೈಸರ್‌ಗೆ 'ಕನ್ನಡ' ಅಂತಲೇ ಹೆಸರಿಡೋಣ. ಪದ ಒಡೆಯಲು 'ಸ್ಟ್ಯಾಂಡರ್ಡ್' ಟೋಕನೈಸರ್. ಆಮೇಲೆ ಎರಡು ಫಿಲ್ಟರ್: 'ಐಸಿಯು_ನಾರ್ಮಲೈಸರ್' ಮತ್ತು 'ಡೆಸಿಮಲ್_ಡಿಜಿಟ್'. ಮೊದಲನೆಯದು ಎರಡು ತುಂಡಾಗಿ ಬರೆದ ಒಕಾರವನ್ನು ಒಂದು ಮಾಡುತ್ತದೆ, ಕಾಣದ ಜಾಯ್ನರ್‌ಗಳನ್ನು ಉದುರಿಸುತ್ತದೆ. ಎರಡನೆಯದು ೧೯೭೪ನ್ನೂ 1974ನ್ನೂ ಒಂದೇ ಎಂದು ನೋಡುತ್ತದೆ. ಹುಡುಕುವ ಪದಕ್ಕೂ ಇದೇ ಜರಡಿ ಹಿಡಿಯುವುದರಿಂದ ಎರಡು ಕಡೆಯೂ ತಾಳೆಯಾಗುತ್ತದೆ. ಪುಸ್ತಕದ ಹೆಸರು ಪರದೆಯ ಮೇಲೆ ಮೊದಲಿನಂತೆಯೇ ಕಾಣುತ್ತದೆ, ಬದಲಾಗುವುದು ಒಳಗಿನ ಪದಸೂಚಿ ಮಾತ್ರ.

ವಿಭಕ್ತಿ ಪ್ರತ್ಯಯಗಳ ತೊಂದರೆಯನ್ನು ಇದು ಬಿಡಿಸುವುದಿಲ್ಲ. ಬೆಂಗಳೂರು, ಬೆಂಗಳೂರಿಗೆ, ಬೆಂಗಳೂರಲ್ಲಿ ಇವೆಲ್ಲ ಯಂತ್ರಕ್ಕೆ ಮೂರು ಪದ. ನಾನು ಹಿಡಿದ ಅಡ್ಡದಾರಿ: ಕೊನೆಯ ಸ್ವರ ಬಿಟ್ಟು ನಕ್ಷತ್ರ ಹಾಕುವುದು. ಕಿಬಾನಾದ ಹುಡುಕುಪಟ್ಟಿಯಲ್ಲಿ 'ಬೆಂಗಳೂರ*' ಅಂತ ಕೊಟ್ಟರೆ ಮೂರೂ ಸಿಗುತ್ತವೆ. ಲೈಬ್ರರಿ ಮೇಡಂಗೆ ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕಾಯಿತು. ನಮ್ಮ ಹಲಂತ, ಅಕಾರಾಂತಗಳ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೆಜ್ಜೆ 5: ಪಟ್ಟಿ ಒಳಗೆ ತರುವುದು

ಎಕ್ಸೆಲ್‌ನಿಂದ ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಅನ್ನುವುದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಗಬಹುದು. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮಾಡಿದ್ದು, ಯುನಿಕೋಡ್ ಅಲ್ಲ. ಕನ್ವರ್ಟರ್‌ನಲ್ಲಿ ಹಾಕಿ ತೆಗೆಯದೆ ಮುಂದೆ ಹೋಗಬೇಡಿ. ನಮ್ಮ ಪಟ್ಟಿಯ ಮೊದಲ ಕೆಲವು ಸಾವಿರ ಸಾಲು ಹಾಗೇ ಇತ್ತು.

ಕಾಲಂ ತಲೆಬರಹ ಇಂಗ್ಲಿಷ್‌ನಲ್ಲಿ, ಚಿಕ್ಕಕ್ಷರದಲ್ಲಿ ಇರಲಿ: ಟೈಟಲ್, ಆಥರ್, ಪಬ್ಲಿಷರ್, ಇಯರ್, ಸಬ್ಜೆಕ್ಟ್. ಇಯರ್ ಕಾಲಂನಲ್ಲಿ ಬರೀ ನಾಲ್ಕಂಕಿ ಇರಬೇಕು, ಅದೂ 1974ರ ತರ. ಕನ್ನಡ ಅಂಕಿ ಇದ್ದರೆ ಮೊದಲೇ ಬದಲಿಸಿ. ಮೇಲಿನ ಫಿಲ್ಟರ್ ಸಂಖ್ಯೆಯ ಕಾಲಂಗೆ ನಡೆಯದು.

ಕಿಬಾನಾದ ಮುಖಪುಟದಲ್ಲಿ 'ಅಪ್‌ಲೋಡ್ ಎ ಫೈಲ್' ಇದೆ. ನಮ್ಮ ಪಟ್ಟಿಯಷ್ಟು ಫೈಲನ್ನು ತಾನಾಗಿ ಒಪ್ಪುತ್ತದೆ. ಫೈಲ್ ಬಿಟ್ಟರೆ ಕಾಲಂಗಳನ್ನು ಊಹಿಸಿ ತೋರಿಸುತ್ತದೆ. ಇಂಪೋರ್ಟ್ ಒತ್ತಿದ ಮೇಲೆ ಕೂಡಲೇ ಮುಂದೆ ಓಡಬೇಡಿ. 'ಅಡ್ವಾನ್ಸ್ಡ್' ಆಯ್ಕೆಗೆ ಹೋಗಿ. ಅಲ್ಲಿ ಇಂಡೆಕ್ಸ್ ಸೆಟ್ಟಿಂಗ್ಸ್ ಮತ್ತು ಮ್ಯಾಪಿಂಗ್ಸ್ ಎಂಬ ಎರಡು ಪೆಟ್ಟಿಗೆಗಳಿವೆ. ಇಂಡೆಕ್ಸ್ ಅಂದರೆ ನಮ್ಮ ಪಟ್ಟಿ ಒಳಗೆ ಕೂರುವ ಜಾಗ, ಮ್ಯಾಪಿಂಗ್ ಅಂದರೆ ಯಾವ ಕಾಲಂ ಯಾವ ಬಗೆಯದ್ದು ಅನ್ನುವುದು. ಸೆಟ್ಟಿಂಗ್ಸ್‌ನಲ್ಲಿ 'ಅನಾಲಿಸಿಸ್', ಅದರೊಳಗೆ 'ಅನಾಲೈಸರ್', ಅದರೊಳಗೆ ನಮ್ಮ 'ಕನ್ನಡ', ಟೋಕನೈಸರ್ ಮತ್ತು ಫಿಲ್ಟರ್ ಪಟ್ಟಿಯ ಸಮೇತ. ಅಲ್ಲೇ 'ನಂಬರ್_ಆಫ್_ರೆಪ್ಲಿಕಾಸ್' 0 ಮಾಡಿ. ಇಲ್ಲದಿದ್ದರೆ ಕ್ಲಸ್ಟರ್‌ನ ಆರೋಗ್ಯ ಸದಾ ಹಳದಿ ಬಣ್ಣ ತೋರಿಸುತ್ತದೆ. ನಕಲನ್ನು ಇನ್ನೊಂದು ಸರ್ವರ್‌ನಲ್ಲಿಡಬೇಕು ಅಂತ ಅದು ಕಾಯುತ್ತಿರುತ್ತದೆ, ನಮ್ಮಲ್ಲಿ ಇನ್ನೊಂದು ಇಲ್ಲವೇ ಇಲ್ಲ.

ಮ್ಯಾಪಿಂಗ್ಸ್‌ನಲ್ಲಿ ಟೈಟಲ್‌ನ ಬಗೆ 'ಟೆಕ್ಸ್ಟ್', ಅನಾಲೈಸರ್ 'ಕನ್ನಡ'. ಆಥರ್, ಪಬ್ಲಿಷರ್, ಸಬ್ಜೆಕ್ಟ್ 'ಕೀವರ್ಡ್'. ಇಯರ್ 'ಲಾಂಗ್'. ಟೆಕ್ಸ್ಟ್ ಅಂದರೆ ಪದಪದವಾಗಿ ಒಡೆದು ಹುಡುಕಲು, ಕೀವರ್ಡ್ ಅಂದರೆ ಇಡಿಯಾಗಿ ಎಣಿಸಲು. ಚಾರ್ಟ್‌ಗೆ ಬೇಕಾದದ್ದು ಕೀವರ್ಡ್. ಆಥರ್‌ನಲ್ಲಿ ಎರಡೂ ಬೇಕಾದರೆ ಟೆಕ್ಸ್ಟ್ ಮಾಡಿ ಅದರ ಅಡಿಯಲ್ಲಿ ಕೀವರ್ಡ್ ಉಪಕಾಲಂ ಕೊಡಬಹುದು.

ಇಂಡೆಕ್ಸ್ ಹೆಸರಿನಲ್ಲಿ ದೊಡ್ಡಕ್ಷರ ಬೇಡ. ಇಂಪೋರ್ಟ್ ಒತ್ತಿ. 11 ಸಾವಿರ ಸಾಲು ಕಣ್ಣು ಮಿಟುಕಿಸುವುದರಲ್ಲಿ ಒಳಗೆ ಹೋಯಿತು.

ಅನಾಲೈಸರ್ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಕಿಬಾನಾದ 'ಡೆವ್ ಟೂಲ್ಸ್'ನಲ್ಲಿ ನಿಮ್ಮ ಇಂಡೆಕ್ಸ್‌ನ '_ಅನಲೈಸ್'ಗೆ ಪೋಸ್ಟ್ ಕಳಿಸಿ, ಅನಾಲೈಸರ್ 'ಕನ್ನಡ' ಅಂತ ಹೇಳಿ, 'ಸಾಫ್ಟ್‌ವೇರ್' ಪದವನ್ನು ನಾನ್ ಜಾಯ್ನರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಕೊಡಿ. ಎರಡಕ್ಕೂ ಒಂದೇ ಟೋಕನ್ ಬರಬೇಕು.

ಹೆಜ್ಜೆ 6: ಡ್ಯಾಶ್‌ಬೋರ್ಡ್

ಡ್ಯಾಶ್‌ಬೋರ್ಡ್ ಪುಟದಲ್ಲಿ ಹೊಸದು ಮಾಡಿ, 'ಲೆನ್ಸ್' ತೆರೆಯಿರಿ. ಎಡಗಡೆಯ ಕಾಲಂಗಳನ್ನು ಎಳೆದು ನಡುವೆ ಬಿಟ್ಟರೆ ಚಾರ್ಟ್ ತಾನೇ ಮೂಡುತ್ತದೆ. ಇಯರ್ ಎಳೆದು, 10 ವರ್ಷದ ಅಂತರ ಕೊಟ್ಟೆ, ದಶಕವಾರು ಕಂಬಗಳು ಬಂದವು. ಸಬ್ಜೆಕ್ಟ್‌ಗೆ ಅಡ್ಡಪಟ್ಟಿ. ಇದಕ್ಕಿಂತ ಹೇಳುವಂಥದ್ದೇನಿಲ್ಲ, ಎಳೆದಾಡುತ್ತ ಕಲಿಯುವ ವಿದ್ಯೆ ಇದು.

ಎಲ್ಲರೂ ಎಡವುವ ಜಾಗ ಒಂದಿದೆ. ನಿಮ್ಮ ಡೇಟಾದಲ್ಲಿ ದಿನಾಂಕದ ಕಾಲಂ ಇದ್ದು, ಅದನ್ನು ಸಮಯದ ಕಾಲಂ ಅಂತ ಒಪ್ಪಿದ್ದರೆ ಕಿಬಾನಾ ಮೊದಲಿಗೆ ಕಳೆದ 15 ನಿಮಿಷದ ಡೇಟಾ ಮಾತ್ರ ತೋರಿಸುತ್ತದೆ. ಕಳೆದ ವರ್ಷದ ಪುಸ್ತಕ ಎರವಲು ಅದರಲ್ಲಿ ಎಲ್ಲಿಂದ ಬರಬೇಕು? 'ನೋ ರಿಸಲ್ಟ್ಸ್' ಅಂತ ಬರುತ್ತದೆ, ನಾವು ಇಂಪೋರ್ಟ್ ಹಾಳಾಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ. ಮೇಲೆ ಬಲಗಡೆ ಅವಧಿಯನ್ನು ಹಿಗ್ಗಿಸಿದರೆ ಎಲ್ಲ ಪ್ರತ್ಯಕ್ಷ.

ಪ್ರಕಾಶಕರ ಚಾರ್ಟ್ ತೋರಿಸಿದಾಗ ಮೇಡಂ ನಗತೊಡಗಿದರು. ಒಂದೇ ಪ್ರಕಾಶನ ನಾಲ್ಕು ಕಂಬಗಳಾಗಿ ನಿಂತಿತ್ತು. ಒಂದರಲ್ಲಿ ಊರಿನ ಹೆಸರು ಸೇರಿತ್ತು, ಒಂದರಲ್ಲಿ ಕೊನೆಗೆ ಸ್ಪೇಸ್, ಒಂದರಲ್ಲಿ ಮಹಾಪ್ರಾಣ ತಪ್ಪಿತ್ತು. "ಇದನ್ನೆಲ್ಲ ಟೈಪ್ ಮಾಡಿದ್ದು ನಾನೇ ಸರ್, ಬೇರೆಬೇರೆ ವರ್ಷದಲ್ಲಿ" ಅಂದರು. ಚಾರ್ಟ್ ನೋಡಿಕೊಂಡೇ ಅವರು ಮೂಲ ಎಕ್ಸೆಲ್ ತಿದ್ದಿದರು. ನಾನು ಇಂಡೆಕ್ಸ್ ಅಳಿಸಿ ಮೂರು ಸಲ ಮತ್ತೆ ಸುರಿದೆ.

ಹೆಜ್ಜೆ 7: ಬೇರೆಯವರಿಗೆ ತೋರಿಸುವುದು

ಸಮಿತಿಯವರಿಗೆ ಸುರಂಗ ತೋಡಿ ಅನ್ನಲಾಗುವುದಿಲ್ಲ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿ, ಅದು ಹೊರಗಿನ ಕೋರಿಕೆಯನ್ನು ಒಳಗಿನ 5601ಕ್ಕೆ ದಾಟಿಸುವ ಹಾಗೆ ಮಾಡಿ, ಸರ್ಟ್‌ಬಾಟ್‌ನಿಂದ ಉಚಿತ ಪ್ರಮಾಣಪತ್ರ ಪಡೆಯಿರಿ. ಫೈರ್‌ವಾಲ್‌ನಲ್ಲಿ 80 ಮತ್ತು 443 ಮಾತ್ರ ತೆರೆಯಿರಿ. ಕಿಬಾನಾ.ವೈಎಂಎಲ್‌ನಲ್ಲಿ 'ಸರ್ವರ್.ಪಬ್ಲಿಕ್‌ಬೇಸ್‌ಯುಆರ್‌ಎಲ್'ಗೆ ನಿಮ್ಮ ವಿಳಾಸ ಕೊಡಿ.

'ಇಲಾಸ್ಟಿಕ್' ಬಳಕೆದಾರನ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. 'ಸ್ಟ್ಯಾಕ್ ಮ್ಯಾನೇಜ್‌ಮೆಂಟ್' ಒಳಗೆ 'ರೋಲ್ಸ್' ತೆರೆದು, ಈ ಇಂಡೆಕ್ಸ್ ಮೇಲೆ 'ರೀಡ್' ಮತ್ತು 'ವ್ಯೂ_ಇಂಡೆಕ್ಸ್_ಮೆಟಾಡೇಟಾ', ಕಿಬಾನಾದಲ್ಲಿ ಡ್ಯಾಶ್‌ಬೋರ್ಡ್ ಓದುವುದಕ್ಕಷ್ಟೇ ಹಕ್ಕಿರುವ ಒಂದು ಪಾತ್ರ ಮಾಡಿ. ಆ ಪಾತ್ರ ಕೊಟ್ಟು ಹೊಸ ಬಳಕೆದಾರನನ್ನು ಸೇರಿಸಿ.

ಆಮೇಲಿನ ಆರೈಕೆ

ಡಿಸ್ಕ್ ಶೇಕಡಾ 85 ತುಂಬಿದರೆ ಇಲಾಸ್ಟಿಕ್‌ಸರ್ಚ್ ಇಂಡೆಕ್ಸ್‌ನ ಹೊಸ ತುಂಡುಗಳನ್ನು ಅಲ್ಲಿಡಲು ಹಿಂಜರಿಯುತ್ತದೆ, 90ಕ್ಕೆ ಇದ್ದದ್ದನ್ನು ಬೇರೆಡೆ ಸಾಗಿಸಲು ನೋಡುತ್ತದೆ, 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಹುಡುಕಾಟ ನಡೆಯುತ್ತಿದ್ದು ಹೊಸ ಸಾಲು ಮಾತ್ರ ಸೇರದಿದ್ದರೆ ಮೊದಲು ಡಿಸ್ಕ್ ನೋಡಿ. ಜಾಗ ಮಾಡಿಕೊಟ್ಟರೆ ಬೀಗ ತಾನೇ ತೆರೆಯುತ್ತದೆ.

ಬ್ಯಾಕಪ್ ಅಂತ /ವಾರ್/ಲಿಬ್/ಇಲಾಸ್ಟಿಕ್‌ಸರ್ಚ್ ಫೋಲ್ಡರನ್ನು ಕಾಪಿ ಮಾಡಬೇಡಿ. ಓಡುತ್ತಿರುವಾಗ ಮಾಡಿದ ಕಾಪಿ ಮತ್ತೆ ಎದ್ದೇಳುತ್ತದೆ ಅನ್ನುವ ಭರವಸೆ ಇಲ್ಲ. ಇಲಾಸ್ಟಿಕ್‌ಸರ್ಚ್ ತಾನೇ ತೆಗೆದುಕೊಡುವ ಪ್ರತಿ, ಅಂದರೆ ಸ್ನ್ಯಾಪ್‌ಶಾಟ್ ಬಳಸಿ. ಒಂದು ಫೋಲ್ಡರ್ ಮಾಡಿ, ಅದರ ಒಡೆತನವನ್ನು 'ಇಲಾಸ್ಟಿಕ್‌ಸರ್ಚ್' ಬಳಕೆದಾರನಿಗೆ ಕೊಟ್ಟು, ವೈಎಂಎಲ್‌ನಲ್ಲಿ 'ಪಾತ್.ರೆಪೊ' ಅಂತ ಅದರ ದಾರಿ ಬರೆದು ರೀಸ್ಟಾರ್ಟ್ ಮಾಡಿ. ಉಳಿದದ್ದನ್ನು ಕಿಬಾನಾದ 'ಸ್ನ್ಯಾಪ್‌ಶಾಟ್ ಅಂಡ್ ರೀಸ್ಟೋರ್' ಪುಟದಿಂದ ಮಾಡಬಹುದು, ದಿನಾ ಇಷ್ಟು ಹೊತ್ತಿಗೆ ಅಂತ ವೇಳೆ ಇಡಬಹುದು. ಆ ಫೋಲ್ಡರನ್ನು ಬೇರೆ ಯಂತ್ರಕ್ಕೂ ಸಾಗಿಸಿ.

ಕೊನೆಯದು ಅಪ್‌ಗ್ರೇಡ್. ಐಸಿಯು ಪ್ಲಗಿನ್ ನಿರ್ದಿಷ್ಟ ಆವೃತ್ತಿಗೆ ಹೊಂದುವಂಥದ್ದು. ಒಂದು ಬೆಳಿಗ್ಗೆ ಸುಮ್ನೆ 'ಆಪ್ಟ್ ಅಪ್‌ಗ್ರೇಡ್' ಕೊಟ್ಟೆ. ಇಲಾಸ್ಟಿಕ್‌ಸರ್ಚ್ ಹೊಸದಾಯಿತು, ಪ್ಲಗಿನ್ ಹಳೆಯದೇ ಉಳಿಯಿತು, ಸರ್ವರ್ ಎದ್ದೇಳಲಿಲ್ಲ. ಆಗ ಲೈಬ್ರರಿಯಲ್ಲಿ ಜನ. ಅದಕ್ಕೆ ಈಗ ಇದನ್ನು ಕೊಟ್ಟಿಟ್ಟಿದ್ದೇನೆ:

ಸುಡೋ ಆಪ್ಟ್-ಮಾರ್ಕ್ ಹೋಲ್ಡ್ ಇಲಾಸ್ಟಿಕ್‌ಸರ್ಚ್ ಕಿಬಾನಾ

ಇದರಿಂದ ಉಳಿದದ್ದೆಲ್ಲ ಹೊಸದಾದರೂ ಇವೆರಡು ಅಲುಗುವುದಿಲ್ಲ. ಲೈಬ್ರರಿಗೆ ರಜೆ ಇರುವ ದಿನ ಸ್ನ್ಯಾಪ್‌ಶಾಟ್ ತೆಗೆದು, ಕಿಬಾನಾ ಮತ್ತು ಇಲಾಸ್ಟಿಕ್‌ಸರ್ಚ್ ಎರಡನ್ನೂ ನಿಲ್ಲಿಸಿ, ಪ್ಲಗಿನ್ ಕಿತ್ತು, 'ಅನ್‌ಹೋಲ್ಡ್' ಮಾಡಿ, ಎರಡನ್ನೂ ಒಂದೇ ಆವೃತ್ತಿಗೆ ಏರಿಸಿ, ಪ್ಲಗಿನ್ ಮತ್ತೆ ಹಾಕಿ ಮೊದಲು ಇಲಾಸ್ಟಿಕ್‌ಸರ್ಚ್, ಆಮೇಲೆ ಕಿಬಾನಾ ಎಬ್ಬಿಸುತ್ತೇನೆ. ಎದ್ದ ಮೇಲೆ 'ಸಾಫ್ಟ್‌ವೇರ್' ಅಂತ ಎರಡೂ ತರ ಟೈಪ್ ಮಾಡಿ ಹುಡುಕುತ್ತೇನೆ. ಎರಡಕ್ಕೂ ಅಷ್ಟೇ ಪುಸ್ತಕ ಬಂದರೆ 'ಹೋಲ್ಡ್' ಮತ್ತೆ ಹಾಕಿ ಲ್ಯಾಪ್‌ಟಾಪ್ ಮುಚ್ಚುತ್ತೇನೆ.